ಖಾಲಿ ತೊಟ್ಟಿಲಿನ ತೂಕ

ನಮ್ಮ ಮನೆಯಲ್ಲಿ ಒಬ್ಬರಿದ್ದರು. ದೆವ್ವಕ್ಕೆ ಹೆದರುತ್ತಿರಲಿಲ್ಲ, ಹಾವಿಗೆ ಹೆದರುತ್ತಿರಲಿಲ್ಲ, ಸಾಲೆಗೆ ಬರುವ ಇನ್‌ಸ್ಪೆಕ್ಟರರಿಗಂತೂ ಹೆದರುವ ಮಾತೇ ಇಲ್ಲ. ಆದರೆ ಒಂದು ಗೇಣು ಹಗ್ಗ ಕಂಡರೆ ಸಾಕು, ನಿಂತಲ್ಲೇ ನಿಂತು, ಕಣ್ಣು ಕಿರಿದು ಮಾಡಿ, ಎಳೆ ಎಳೆ ಬಿಡಿಸಿ ನೋಡಿ, ಮೂಸಿ, "ನೀ ಎಷ್ಟು ತಡೀತೀ?" ಎಂದು ಕೇಳುತ್ತಿದ್ದರು. ಯಾರನ್ನು? ನಮ್ಮನ್ನಲ್ಲ, ಹಗ್ಗವನ್ನೇ! ಕೇಳಿ ಸುಮ್ಮನಾಗಿದ್ದರೆ ನನಗೂ ಚಿಂತೆ ಇರಲಿಲ್ಲ. ಅವರು ಉತ್ತರಕ್ಕೆ ಕಾಯುತ್ತಿದ್ದರು.

ಮಕ್ಕಳೇ, ನಿಮ್ಮ ಅಜ್ಜನ ಅಕ್ಕನ ಮಾತು ಇದು. ನೀವು ಕಂಡದ್ದು ಬೆನ್ನು ಬಾಗಿದ ಮುದುಕಿಯನ್ನು. ನಾನು ಕಂಡದ್ದು ಬೈಲಹೊಂಗಲದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಹೆಂಗಸನ್ನು. ಊರಿಗೆಲ್ಲ ಅವರು ಅಕ್ಕೋರು, ನನಗೆ ಅಕ್ಕ. ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಹಿಡಿದು ಬರೆದರೆ ಎಲ್ಲಿದ್ದರೂ ಬಂದು, ಹೆಗಲ ಮೇಲಿಂದ ಬಗ್ಗಿ ನನ್ನ ಕಾಗುಣಿತ ತಿದ್ದುತ್ತಾರೆ ಎಂಬ ಅಂಜಿಕೆ ನನಗೆ ಇನ್ನೂ ಇದೆ.

ಬರೆಯಲು ಕಾರಣ ನಮ್ಮ ಪುಟ್ಟಿ. ಧಾರವಾಡದಲ್ಲಿ ಪಿಯುಸಿ ಓದುತ್ತಿರುವ ಈ ಮೊಮ್ಮಗಳು ಹೋದ ವಾರ ಫೋನ್ ಮಾಡಿದ್ದಳು.

"ಅಜ್ಜೀ, ತಲಿ ತಿನ್ನಾಕತ್ತೈತಿ ಒಂದು ಲೆಕ್ಕ. ದಾರಕ್ಕ ಕಲ್ಲು ಕಟ್ಟಿ ಮ್ಯಾಲ ಕೆಳಗ ತಿರುಗಿಸಿದ್ರ ದಾರದ ಎಳೆತ ಎಲ್ಲಿ ಹೆಚ್ಚಂತ. ಮ್ಯಾಲೋ, ಕೆಳಗೋ?"

ಅವಳು ನನ್ನನ್ನು ಕೇಳಿದ್ದಲ್ಲ. ತನ್ನ ಗೋಳು ಹೇಳಿಕೊಂಡಿದ್ದಳು, ಅಷ್ಟೆ. ನನ್ನ ಬಾಯಿಂದ ಬಂದೇಬಿಟ್ಟಿತು: "ಕೆಳಗ."

"ಆಂ? ಯಾಕ?"

"ಕೆಳಗ ಬಂದಾಗ ದಾರಕ್ಕ ಎರಡು ಕೆಲಸ. ಕಲ್ಲಿನ ಭಾರ ಹೊರಬೇಕು, ಅದನ್ನ ತಿರುವಲೂಬೇಕು. ಮ್ಯಾಲ ಹೋದಾಗ ಕಲ್ಲಿನ ಭಾರನ ತಿರುವಾಕ ಕೈ ಹಚ್ಚತೈತಿ."

ಆ ಕಡೆ ಪೆನ್ನು ಗೀಚುವ ಸದ್ದು. ಆಮೇಲೆ, "ಅಜ್ಜೀ, ನೀ ಏಳನೇತ್ತಾ ಕಲ್ತಾಕಿ. ನಿನ್ನ ಬಾಯಾಗ ಯಾರು ಮಾತಾಡಾಕತ್ತಾರ?" ಎಂದಳು ಪುಟ್ಟಿ. ತಮಾಷೆಗೇ ಅಂದಳು. ನನಗೆ ಮೈಮೇಲೆ ಮುಳ್ಳೆದ್ದವು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಇಟ್ಟುಬಿಟ್ಟೆ. ಈಗ ಬರೆಯುತ್ತಿದ್ದೇನೆ.

ಸಂಗೊಳ್ಳಿಯಿಂದ ಸೊಸೆಯಾಗಿ ಬಂದಾಗ ನನಗೆ ಹತ್ತೊಂಬತ್ತು. ಮಾತಾಡಬೇಕಾದರೆ ಸೆರಗಿನ ತುದಿ ಹಲ್ಲಿನಲ್ಲಿ ಹಿಡಿದುಕೊಳ್ಳುವವಳು. ಹೊಸ್ತಿಲು ದಾಟಿ ಪಡಸಾಲೆಗೆ ಬಂದು ಕೂತಿದ್ದೇನೆ, ಹಿತ್ತಲಿನಿಂದ ಒಂದು ಸದ್ದು: ವುಂಯ್... ವುಂಯ್... ವುಂಯ್... ಗಾಳಿ ಎನ್ನಲು ಬೇವಿನ ಮರದ ಒಂದು ಎಲೆ ಅಲುಗುತ್ತಿರಲಿಲ್ಲ. ದನದ ಸದ್ದಲ್ಲ, ಮನುಷ್ಯರದಂತೂ ಅಲ್ಲ. ಮನೆಯವರು ಒಬ್ಬರೂ ಆ ಕಡೆ ತಲೆ ತಿರುಗಿಸಲಿಲ್ಲ ನೋಡಿ, ನನಗೆ ನಡುಕ ಹುಟ್ಟಿಸಿದ್ದು ಅದು.

ಕಾಲು ತೊಳೆಯಲು ಹಿತ್ತಲಿಗೆ ಹೋದೆ. ಬಿಳಿ ಸೀರೆ ಉಟ್ಟ ಎತ್ತರದ ಹೆಂಗಸೊಬ್ಬರು ತುಂಬಿದ ಬಕೀಟಿಗೆ ಹಗ್ಗ ಕಟ್ಟಿ, ತಲೆಯ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಗಿರಗಿರನೆ ತಿರುಗಿಸುತ್ತಿದ್ದರು!

"ಬಾ ತಂಗಿ. ನನ್ನ ಮಗ್ಗಲಕ್ಕ ಬಂದು ನಿಂದ್ರು," ಎಂದರು, ತಿರುಗಿಸುವುದನ್ನು ನಿಲ್ಲಿಸದೆ.

"ಯಾಕ್ರೀ?"

"ಬಕೀಟು ತಲಿಕೆಳಗ ಆಗತೈತಿ, ನೀರು ಬೀಳಂಗಿಲ್ಲ. ನೋಡು."

"ಬಿದ್ರ?"

"ಬಿದ್ರ ಭೂಮಿದು ಏನೋ ತಪ್ಪೈತಿ ಅಂತ ತಿಳೀಬೇಕು."

ಹೊಸ ಇಳಕಲ್ ಸೀರೆಯಲ್ಲಿ ನಿಂತೆ. ನಿಲ್ಲದೆ ಏನು ಮಾಡಲಿ? ವುಂಯ್ ಎನ್ನುತ್ತ ನೀರು ತಲೆಯ ಮೇಲೆ ಹೋಗುತ್ತದೆ, ಕಾಲ ಬಳಿ ಬರುತ್ತದೆ, ಮತ್ತೆ ತಲೆಯ ಮೇಲೆ. ಸದ್ದು ಕೇಳಿ ಅತ್ತೆ ಓಡಿ ಬಂದರು.

"ಏನವಾ ಇದು! ಬಂದ ದಿನಾನ ಹುಡುಗೀನ ತೋಯಿಸಿಬಿಟ್ಟ್ಯಾ?"

"ಒಂದು ಹನಿ ಬಿದ್ದಿಲ್ಲ ಅವ್ವಾ, ಬೇಕಾದ್ರ ನೋಡು."

"ಮತ್ತ ಈಕಿ ಮಾರಿ ಯಾಕ ತೊಯ್ದೈತಿ?"

ನಾನು ಅಳುತ್ತಿದ್ದೆ!

ಆ ಸಂಜೆ ನಿಮ್ಮಜ್ಜ ನನಗೆ ಸಮಾಧಾನ ಹೇಳಿದ್ದು ಹೀಗೆ: "ನಮ್ಮಕ್ಕಗ ಹುಚ್ಚು ಹಿಡದಿಲ್ಲ. ಹುಚ್ಚನ್ನ ಆಕೀನ ಹಿಡದಾಳ. ಬಿಡವಲ್ಲಳು." ಇದರಿಂದ ಯಾರಿಗಾದರೂ ಸಮಾಧಾನವಾಗುತ್ತದೆಯೇ?

ಅಂದಿನಿಂದ ನಾನು ಅಕ್ಕನ ಶಿಷ್ಯೆ. ಬೇಕು ಎಂದವಳಲ್ಲ, ಬೇಡ ಎನ್ನಲು ನಾಚಿಕೆಯಾಗಿ ಆದವಳು. ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿದರೆ ಹಿತ್ತಲಲ್ಲಿ ಪಾಠ. ಒಂದು ದಿನ ಅರಿವೆಯಲ್ಲಿ ಕಲ್ಲು ಕಟ್ಟಿ ದಾರದ ತುದಿ ನನ್ನ ಕೈಗೆ ಕೊಟ್ಟು, "ತಿರುಗಿಸು," ಎಂದರು. ತಿರುಗಿಸಿದೆ.

"ಕೈಗೆ ಏನು ಅನಸತೈತಿ?"

"ಹೊರಗ ಜಗ್ಗಿದಂಗ ಆಗತೈತ್ರೀ."

"ಯಾರು ಜಗ್ಗಾಕತ್ತಾರ?"

ಇದೆಂಥ ಪ್ರಶ್ನೆ! ಉರಿಬಿಸಿಲಿನ ಹಿತ್ತಲಲ್ಲಿ ನಾವಿಬ್ಬರು ಬಿಟ್ಟರೆ ಒಂದು ಕೋಳಿಯೂ ಇರಲಿಲ್ಲ. ನಾನು ಆ ಕಡೆ ಈ ಕಡೆ ನೋಡಿ, ದನಿ ಸಣ್ಣ ಮಾಡಿ, "ಯಾರೋ ಅದಾರ ಅನಸತೈತ್ರೀ," ಎಂದೆ.

"ಯಾರೂ ಇಲ್ಲ." ಅಕ್ಕನ ದನಿ ಒಮ್ಮೆಲೇ ಗಡುಸಾಯಿತು. "ಹೊರಗ ಜಗ್ಗಾವರು ಯಾರೂ ಇಲ್ಲ ತಂಗಿ. ನೀ ಒಳಗ ಹಿಡದೀ, ಅಷ್ಟ. ನೀ ಹಿಡದದ್ದಕ್ಕ ಅದು ತಿರಗತೈತಿ. ಊರ ಮಂದಿ ಏನರೆ ಅನ್ನಲಿ, ಹೊರಗ ಯಾರೂ ಇಲ್ಲ. ತಿಳೀತಿಲ್ಲೋ?"

ತಿಳಿಯಿತು ಎಂದೆ. ಕಲ್ಲಿನ ಮಾತಿಗೆ ಊರ ಮಂದಿ ಯಾಕೆ ಬಂದರು ಎಂಬುದು ತಿಳಿಯಲಿಲ್ಲ.

ಅದನ್ನು ತಿಳಿಸಿದವರು ಅತ್ತೆ, ಕುಂಬಳಕಾಯಿ ಹೆಚ್ಚುತ್ತ, ಪಿಸುಮಾತಿನಲ್ಲಿ. ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟಿದ್ದರಂತೆ. ಹೆರಿಗೆಗೆ ತವರಿಗೆ ಬಂದರು. ಹೆಣ್ಣು ಕೂಸು, ತೂಕ ಮೂರು ಕಿಲೋ. ತೊಟ್ಟಿಲಿಗೆ ಹಾಕುವ ಹಿಂದಿನ ದಿನ, ಮನೆ ತುಂಬ ನೆಂಟರಿರುವಾಗ, ಹಗ್ಗ ಗಟ್ಟಿ ಇದೆಯೋ ಇಲ್ಲವೋ ನೋಡುತ್ತೇನೆಂದು ಅಕ್ಕ ತೊಟ್ಟಿಲನ್ನು ಎತ್ತರಕ್ಕೆ ಎಳೆದು ಬಿಟ್ಟರಂತೆ. ಖಾಲಿ ತೊಟ್ಟಿಲನ್ನು!

ಮಕ್ಕಳೇ, ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಖಾಲಿ ತೊಟ್ಟಿಲು ತೂಗುವುದಿಲ್ಲ. ಕೂಸಿಗಿಂತ ಮೊದಲು ಖಾರ ಅರೆಯುವ ಗುಂಡಕಲ್ಲನ್ನು ತೊಳೆದು, ಕುಂಕುಮ ಹಚ್ಚಿ, ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿ ಮಲಗಿಸುತ್ತೇವೆ. ಬರುವುದೇನಿದ್ದರೂ ಕಲ್ಲಿಗೆ ಬರಲಿ ಎಂದು. ಕೂಸು ಆಮೇಲೆ. ಖಾಲಿ ತೂಗಿದರೆ ಆ ಜಾಗಕ್ಕೆ ಬೇರೆ ಯಾರೋ ಬಂದು ಮಲಗುತ್ತಾರೆ, ಕೂಸನ್ನು ಉಳಿಯಗೊಡುವುದಿಲ್ಲ ಎನ್ನುತ್ತಿದ್ದರು ಹಿಂದಿನವರು.

ಆ ಕೂಸು ಇಪ್ಪತ್ಮೂರನೆಯ ದಿನ ಜ್ವರದಲ್ಲಿ ಹೋಯಿತು. ರಾಮದುರ್ಗದವರು ಅಕ್ಕನನ್ನು ಮತ್ತೆ ಕರೆಯಲಿಲ್ಲ. ಖಾಲಿ ತೊಟ್ಟಿಲು ತೂಗಿದವಳು ಎಂದರು. ಅಕ್ಕ ಬಿಟ್ಟ ಓದನ್ನು ಮತ್ತೆ ಓದಿ ಟೀಚರಾದರು. ತೊಟ್ಟಿಲು ಅಟ್ಟ ಸೇರಿತು.

"ಅದನ್ನ ಇಳಸಬ್ಯಾಡ್ರಿ," ಎಂದು ಅತ್ತೆ ಕುಂಬಳಕಾಯಿಯ ಮೇಲೆ ಕೈಯಿಟ್ಟು ಹೇಳಿದರು. "ಮಧ್ಯಾಹ್ನ ಮೂರಕ್ಕ ಅಟ್ಟದ ಮ್ಯಾಲ ಕಿರ್ ಅಂತೈತಿ. ನಾ ಕೇಳೇನಿ."

ನಾನೂ ಆಮೇಲೆ ಕೇಳಿದೆ. ಒಂದು ದಿನ ಧೈರ್ಯ ಮಾಡಿ ಅಕ್ಕನನ್ನೇ ವಿಚಾರಿಸಿದೆ. ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ.

"ಹಗ್ಗಕ್ಕ ಹೊಸೆದವರ ಕೈ ನೆನಪಿರತೈತಿ ತಂಗಿ. ಬಿಸಲಿಗೆ ಬಿಚ್ಚಾಕ ನೋಡತೈತಿ, ತಂಪಿಗೆ ಬಿಗೀತೈತಿ. ಅದಕ್ಕ ಕಿರ್ ಅಂತೈತಿ. ದೆವ್ವ ಅಲ್ಲ."

ದೆವ್ವವಲ್ಲ ಎಂದು ಗೊತ್ತಾದ ಮೇಲೆ ಹೆದರಿಕೆ ಹೋಗಬೇಕಲ್ಲವೇ? ನನಗೆ ಇಮ್ಮಡಿಯಾಯಿತು. ಹೊಸೆದ ಕೈ ಯಾವಾಗಲೋ ಮಣ್ಣಾಗಿ, ಅದರ ನೆನಪು ಮಾತ್ರ ಅಟ್ಟದಲ್ಲಿ ಕೂತು ಕಿರ್ ಎನ್ನುವುದು ದೆವ್ವಕ್ಕಿಂತ ಕಡಿಮೆ ಏನು?

ಒಮ್ಮೆ ನಾವು ಮೂವರೂ, ನಿಮ್ಮಜ್ಜ, ಅಕ್ಕ, ನಾನು, ತೊರಗಲ್ಲಿನ ಕೋಟೆ ನೋಡಲು ಹೋಗಿದ್ದೆವು. ಮಧ್ಯಾಹ್ನದ ಹೊತ್ತು. ಮೇಲೆ ನರಪಿಳ್ಳೆ ಇಲ್ಲ. ಬುರುಜಿನ ಅಂಚಿನಲ್ಲಿ ನಿಂತು ಅಕ್ಕ ಚೀಲದಿಂದ ಕವಣೆ ತೆಗೆದರು. ಕೋಟೆ ನೋಡಲು ಹೊರಟವರು ಬುತ್ತಿ ಒಯ್ಯುತ್ತಾರೆ, ಇವರು ಕವಣೆ!

"ಹಗ್ಗ ಬಿಟ್ರ ಕಲ್ಲು ಎತ್ತ ಹೋಗತೈತಿ ತಂಗಿ?"

"ಹೊರಗ್ರೀ."

"ತಪ್ಪು. ಬಿಟ್ಟ ಗಳಿಗ್ಯಾಗ ಎತ್ತ ಮಾರಿ ಮಾಡಿತ್ತೋ ಅತ್ತ ಹೋಗತೈತಿ. ನೆಟ್ಟಗ. ಹಿಂದ ತಿರುಗಿ ನೋಡಂಗಿಲ್ಲ."

ವುಂಯ್, ವುಂಯ್, ಬಿಟ್ಟರು. ಕಲ್ಲು ಬಿಸಿಲಿನಲ್ಲಿ ಒಂದು ಚುಕ್ಕೆಯಾಗಿ ಹೋಯಿತು. ಬಿದ್ದ ಸದ್ದಿಗೆ ಕಿವಿಗೊಟ್ಟು ನಿಂತೆವು. ಸದ್ದು ಬರಲಿಲ್ಲ. ಇನ್ನಷ್ಟು ಹೊತ್ತು ನಿಂತೆವು. ಕೆಳಗೆ ಬರೀ ಬಂಡೆಗಲ್ಲು, ಬಿದ್ದರೆ ಠಣ್ ಎನ್ನಲೇಬೇಕು. ಎನ್ನಲಿಲ್ಲ. ಎಸೆದ ಕಲ್ಲನ್ನು ಯಾರೋ ಗಾಳಿಯಲ್ಲೇ ಹಿಡಿದುಕೊಂಡಂತೆ! ನಿಮ್ಮಜ್ಜ ಮೆಲ್ಲಗೆ, "ಅಕ್ಕಾ, ಹೋಗೂಣು ನಡಿ," ಎಂದರು. ಅಕ್ಕನ ಮುಖವೂ ಬಿಳಿಚಿತ್ತು.

ಆಗ ಗೋಡೆಯ ಆಚೆಯಿಂದ ಒಂದು ತಲೆ ಎದ್ದಿತು. ಆಮೇಲೆ ಕಂಬಳಿ, ಅಂಗೈಯಲ್ಲಿ ಕಲ್ಲು. ಕುರಿ ಕಾಯುವ ಮುದುಕ.

"ಯವ್ವಾ, ಈ ಕಲ್ಲು ನಿಮ್ದೇನ್ರಿ? ಬಿಚ್ಚಿಟ್ಟ ಕಂಬಳಿ ಮ್ಯಾಲ ಬಂದು ಬಿತ್ತು. ತೊಡಿ ಉಳೀತು."

ಬೇರೆ ಯಾರಾದರೂ ಕೈ ಮುಗಿದು ಕ್ಷಮೆ ಕೇಳುತ್ತಿದ್ದರು. ಅಕ್ಕ? "ಕಂಬಳಿ ಎಲ್ಲಿತ್ರೀ? ಹೋಗಿ ಹಂಗ ಹಾಸ್ರಿ. ನೀವೂ ಹಂಗ ಕುಂದರ್ರಿ," ಎಂದು ಅವನನ್ನು ವಾಪಸು ಕಳಿಸಿ, ಬುರುಜಿನ ಮೇಲಿಂದ ಕೈ ಚಾಚಿ ಗುರಿ ನೋಡಿ, "ನೆಟ್ಟಗ ಹೋಗೇತಿ! ಕೂದಲೆಳಿ ಆಚಿ ಈಚಿ ಇಲ್ಲ!" ಎಂದು ಕುಣಿದರು. ಮುದುಕ ಪಾಪ, ಏಳಬಹುದೋ ಬಾರದೋ ತಿಳಿಯದೆ ಬಿಸಿಲಲ್ಲಿ ಕೂತೇ ಇದ್ದ.

ಹತ್ತಿ ಪೇಟೆಯ ಹಳೆಯ ಅಂಗಡಿಯೊಂದರಿಂದ ಅಕ್ಕ ತೂಕ ನೋಡುವ ಒಂದು ಕಾಟಾ ತಂದಿದ್ದರು. ಮೇಲೆ ಕೊಕ್ಕೆ, ಕೆಳಗೆ ಕೊಕ್ಕೆ, ನಡುವೆ ಗಡಿಯಾರದಂಥ ಮುಖ, ಒಂದೇ ಮುಳ್ಳು. ಆ ಮುಳ್ಳಿನ ಮುಂದೆ ಅವರು ಕಸಬರಿಗೆಯ ಕಡ್ಡಿಯೊಂದನ್ನು ಸಿಕ್ಕಿಸಿದ್ದರು. ಮುಳ್ಳು ಏರುವಾಗ ಕಡ್ಡಿಯನ್ನು ತಳ್ಳಿಕೊಂಡು ಹೋಗಿ, ಇಳಿಯುವಾಗ ಅಲ್ಲೇ ಬಿಟ್ಟು ಬರುತ್ತಿತ್ತು. ಹಗ್ಗ ಅತಿ ಹೆಚ್ಚೆಂದರೆ ಎಷ್ಟು ಬಿಗಿಯಿತು ಎಂಬುದಕ್ಕೆ ಕಡ್ಡಿಯೇ ಸಾಕ್ಷಿ. ನಿಮ್ಮಪ್ಪ ಹುಟ್ಟಿದಾಗ ಅತ್ತೆ ಅಟ್ಟದ ತೊಟ್ಟಿಲು ಇಳಿಸಗೊಡಲಿಲ್ಲ. ಸೀರೆಯ ಜೋಳಿಗೆ ಕಟ್ಟಿದೆವು. ಅಕ್ಕ ಅದಕ್ಕೂ ಜೋಳದ ಚೀಲ ಹಾಕಿ, ಕಾಟಾ ತಗಲಿಸಿ, ತೂಗಿ ನೋಡಿದ ಮೇಲೆಯೇ ಕೂಸಿಗೆ ಅಪ್ಪಣೆ.

"ನೆನಪಿಡು ತಂಗಿ. ಹಗ್ಗದ ಉದ್ದದ ಅರ್ಧಕ್ಕ ಎತ್ತಿ ಬಿಟ್ರ, ಕೆಳಗ ಬಂದಾಗ ಎಳೆತ ತೂಕದ ಎರಡು ಪಟ್ಟು. ಪೂರಾ ಎತ್ತಿ ಬಿಟ್ರ ಮೂರು ಪಟ್ಟು. ಹಗ್ಗ ಉದ್ದ ಇರಲಿ, ಗಿಡ್ಡ ಇರಲಿ. ಕೂಸು ಇರಲಿ, ಕಲ್ಲಿರಲಿ."

ಎಷ್ಟು ಸಲ ಹೇಳಿದ್ದರೆಂದರೆ, ಹಾಲು ಉಕ್ಕುವುದನ್ನು ನೋಡುತ್ತ ನಿಂತಾಗಲೂ ನನ್ನ ತುಟಿ "ಅರ್ಧಕ್ಕ ಎರಡು, ಪೂರಾಕ್ಕ ಮೂರು," ಎನ್ನುತ್ತಿತ್ತು. ಪಕ್ಕದ ಮನೆಯವರು ನಾನು ಮಂತ್ರ ಹೇಳುತ್ತೇನೆ ಎಂದುಕೊಂಡು ಹಾಲು ಕಡ ಕೇಳುವುದನ್ನೇ ಬಿಟ್ಟರು.

ವರ್ಷಗಳು ಹೋದವು. ಅತ್ತೆ ಹೋದರು, ನಿಮ್ಮಜ್ಜ ಹೋದರು. ಅಕ್ಕ ನಿವೃತ್ತರಾದರು. ಪುಟ್ಟೀ, ಆಮೇಲೆ ನೀನು ಹುಟ್ಟಿದೆ. ಆಸ್ಪತ್ರೆಯಿಂದ ನಿನ್ನನ್ನು ಮನೆಗೆ ತಂದ ದಿನ ಅಕ್ಕ ನಿನ್ನನ್ನು ಎಷ್ಟೋ ಹೊತ್ತು ನೋಡಿ, ಮುಟ್ಟದೆ, ಗೋಡೆಗೆ ಒರಗಿ ಕೂತು, "ಅಟ್ಟದ ಮ್ಯಾಲಿನ ತೊಟ್ಟಲಾ ಇಳಸ್ರಿ," ಎಂದರು.

ನಿಮ್ಮಪ್ಪನೇ ಧೈರ್ಯ ಮಾಡಿ, "ಅತ್ತೀ, ಹೊಸಾದು ತರೂಣು ಬಿಡು," ಎಂದ.

"ಹೊಸಾದರಾಗ ನನಗೇನು ಕೆಲಸ? ಆ ತೊಟ್ಟಲದಾಗ ಒಂದು ಕೂಸು ಮಲಗಿ, ಎದ್ದು, ನಡಕೋತ ಹೋಗೂದು ನೋಡಬೇಕು ನಾ. ಹಗ್ಗ ಹೊಸಾದು ಹಾಕ್ರಿ. ನಾ ನೋಡತೇನಿ. ಹಗ್ಗ ತಡದ್ರ ಹಾಕೂಣು. ಇಲ್ಲಂದ್ರ ಒಲಿಗೆ ಹಾಕ್ರಿ, ಮುಗೀತು."

ತೊಟ್ಟಿಲು ಇಳಿಯಿತು. ಪಡಸಾಲೆಯ ತೊಲೆಗೆ ಕಾಟಾ, ಕಾಟಾದ ಕೆಳಗೆ ಕಬ್ಬಿಣದ ಬಳೆ, ಬಳೆಗೆ ನಾಲ್ಕು ಹಗ್ಗ, ಹಗ್ಗಕ್ಕೆ ತೊಟ್ಟಿಲು. ಮುಂಜಾನೆ ಕೌದಿ ಹಾಸಿ ತೂಗಿದರು. ಸರಿಯಾಗಿ ಹತ್ತು ಕಿಲೋ. ಬರೆದುಕೊಂಡರು. "ಮಧ್ಯಾಹ್ನ ಅರ್ಧಕ್ಕ ಎತ್ತಿ ಬಿಡೂಣು. ಇಪ್ಪತ್ತು ಬರಬೇಕು," ಎಂದು ಸ್ನಾನಕ್ಕೆ ಹೋದರು.

ಮೂರು ಗಂಟೆ. ನಿನ್ನನ್ನೂ ನಿನ್ನ ಅವ್ವನನ್ನೂ ಒಳಕೋಣೆಯಲ್ಲಿ ಮಲಗಿಸಿದ್ದೆವು. ನಿಮ್ಮಪ್ಪ ಪೇಟೆಗೆ ಹೋಗಿದ್ದ. ಬೀದಿಯಲ್ಲಿ ಒಂದು ನಾಯಿಯೂ ಬೊಗಳದ ಹೊತ್ತು. ಅಕ್ಕ ಎರಡೂ ಕೈಯಿಂದ ತೊಟ್ಟಿಲನ್ನು ಗೋಡೆಯ ಕಡೆಗೆ ಎಳೆದು ಎತ್ತಿದರು. "ಯಾಕೋ ಭಾರ ಅನಸತೈತಿ. ವಯಸ್ಸಾತು," ಎಂದು ನಕ್ಕರು. ಬಿಟ್ಟರು.

ತೊಟ್ಟಿಲು ಗಾಳಿ ಸೀಳಿಕೊಂಡು ಪಡಸಾಲೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಗೋಡೆಯ ಕ್ಯಾಲೆಂಡರು ಹಾರಿ ಬಿತ್ತು. ತೊಲೆ ಕಿರ್ ಎಂದಿತು. ಹೋಗಿ, ಬಂದು, ಹೋಗಿ, ಬಂದು, ಕೊನೆಗೆ ನಿಂತಿತು. ಅಕ್ಕ ಸ್ಟೂಲು ಹತ್ತಿ ಕಡ್ಡಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ಇಪ್ಪತ್ತಾರು."

ನಾನು ಸೆರಗಿನ ತುದಿ ಬಾಯಲ್ಲಿಟ್ಟುಕೊಂಡೆ.

"ಇಪ್ಪತ್ತು ಬರಬೇಕಿತ್ತು. ಇಪ್ಪತ್ತಾರು ಬಂದೈತಿ." ಆಮೇಲೆ ಮುಳ್ಳನ್ನು ನೋಡಿದರು. ಈಗ ತೊಟ್ಟಿಲು ಅಲುಗದೆ ನಿಂತಿದೆ, ಮುಳ್ಳು ಹದಿಮೂರರಲ್ಲಿದೆ. "ಮುಂಜಾನೆ ಹತ್ತಿತ್ತು ತಂಗಿ. ಈಗ ಹದಿಮೂರು. ಒಳಗ ಮೂರು ಕಿಲೋ ಐತಿ."

ಮೂರು ಕಿಲೋ. ಆ ತೂಕ ಯಾರದೆಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅಕ್ಕ ಸ್ಟೂಲಿನಿಂದ ಇಳಿದರು. ಒಂದು ಹೆಜ್ಜೆ ಮುಂದಿಟ್ಟು, ಕತ್ತು ಬಗ್ಗಿಸಿದರೆ ತೊಟ್ಟಿಲ ಒಳಗು ಕಾಣುತ್ತಿತ್ತು. ಬಗ್ಗಿಸಲಿಲ್ಲ. ಯಾವ ಹಗ್ಗವನ್ನೂ, ಯಾವ ಗಂಟನ್ನೂ ಬಿಚ್ಚಿ ನೋಡದೆ ಬಿಡದಿದ್ದವರು ಅಂದು ಒಳಗೆ ನೋಡಲಿಲ್ಲ. ತೊಟ್ಟಿಲಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತು, ನನಗೂ ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ, "ಒಳಗ ಯಾರದಾರ?" ಎಂದರು.

ಕೇಳಿ, ಎಂದಿನಂತೆ, ಉತ್ತರಕ್ಕೆ ಕಾದರು.

ಆಮೇಲೆ ತೂಗುವ ಹಗ್ಗವನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹಗುರಾಗಿ ತೂಗತೊಡಗಿದರು. ಕಿರ್... ಕಿರ್... ಒಂದು ತಾಸು. ಮುಖದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೊನೆಗೆ ಎದ್ದು, ಸೀರೆ ಝಾಡಿಸಿ, "ಇಪ್ಪತ್ತಾರು ತಡದೈತಿ ಅಂದ್ರ ಹಗ್ಗ ಪಾಸು. ನಾಡದು ಕೂಸಿನ್ನ ಹಾಕ್ರಿ," ಎಂದು ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಈಗ ಹೇಳಿಬಿಡುತ್ತೇನೆ ಮಕ್ಕಳೇ. ಗುಂಡಕಲ್ಲು ಇಟ್ಟವಳು ನಾನು! ಅವರು ಸ್ನಾನಕ್ಕೆ ಹೋದಾಗ ಅಡುಗೆಮನೆಯ ಗುಂಡಕಲ್ಲನ್ನು ತೊಳೆದು, ಕೌದಿಯ ಮಡಿಕೆಯಲ್ಲಿ ಸುತ್ತಿ ಇಟ್ಟುಬಿಟ್ಟೆ. ಮತ್ತೊಮ್ಮೆ ಅದೇ ತೊಟ್ಟಿಲನ್ನು, ಅದೇ ಕೈ, ಖಾಲಿ ತೂಗುವುದು ನನ್ನಿಂದ ನೋಡಲಾಗುತ್ತಿರಲಿಲ್ಲ. ಅಕ್ಕಾ ಖಾಲಿ ತೂಗಬ್ಯಾಡ್ರಿ ಎಂದು ಹೇಳಬಹುದಿತ್ತಲ್ಲ? ಹೇಳುವ ಬಾಯಿ ನನಗೆಲ್ಲಿತ್ತು? ಕಲ್ಲು ಹೇಳಲಿ ಎಂದುಕೊಂಡೆ. ಕಾಟಾ ಕಲ್ಲನ್ನೂ ತೂಗುತ್ತದೆ ಎಂಬುದು, ಅಷ್ಟು ವರ್ಷ ಪಾಠ ಕೇಳಿದ ಈ ದಡ್ಡಿಗೆ ಹೊಳೆಯಲೇ ಇಲ್ಲ!

ಅಕ್ಕ ಬಾಗಿಲು ಹಾಕಿಕೊಂಡದ್ದೇ ತಡ, ಕಲ್ಲನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಈಗ ಹೋಗಿ ಹೇಳುತ್ತೇನೆ ಎಂದು ಬಾಗಿಲವರೆಗೂ ಹೋದೆ. ಹೇಳಿದರೆ, ಆ ಒಂದು ತಾಸು ಅವರು ತೂಗಿದ್ದು ಕಲ್ಲನ್ನು ಎಂದಾಗುತ್ತದೆ. ತಿರುಗಿ ಬಂದೆ.

ಮರುದಿನ ಮುಂಜಾನೆ ಎದ್ದು ನೋಡಿದರೆ ಅಕ್ಕ ಕಾಟಾ ಹಿಡಿದು ಇಡೀ ಮನೆಯನ್ನು ತೂಗುತ್ತಿದ್ದಾರೆ! ಹಿತ್ತಾಳೆ ಕೊಡ, ಬೆಲ್ಲದ ಪೆಂಟಿ, ಕಬ್ಬಿಣದ ಹಂಚು, ನಿಮ್ಮಜ್ಜನ ಹಳೆಯ ಬೂಟು. ಬೆಕ್ಕನ್ನು ಚೀಲದಲ್ಲಿ ಹಾಕಿ ಕೊಕ್ಕೆಗೆ ತಗಲಿಸಿದರು. ಅದು ಕೂಗಿದ ಕೂಗಿಗೆ ಓಣಿಯೇ ಎದ್ದು ಬಂತು.

"ಎರಡೂ ಮುಕ್ಕಾಲು," ಎಂದರು ಅಕ್ಕ. "ಇದಲ್ಲ."

ನಿಮ್ಮಪ್ಪ ಹಲ್ಲುಜ್ಜುತ್ತ ಬಂದು, "ಅತ್ತೀ, ನನ್ನೂ ತೂಗತೀಯೇನು?" ಎಂದ.

"ನೀ ಮೂರು ಕಿಲೋ ಇದ್ದ ಕಾಲ ಮುಗದೈತಿ, ಸರಿ ಅತ್ತಾಗ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಕ್ಕ ಕಾಟಾ ಹಿಡಿದು ಅಡುಗೆಮನೆಯ ಕಡೆ ಹೊರಟದ್ದು ಕಂಡು, ಹಿಂಬಾಗಿಲಿನಿಂದ ಹಿತ್ತಲಿಗೆ ಓಡಿ, ಒಗೆದ ಬಟ್ಟೆಯನ್ನೇ ಮತ್ತೊಮ್ಮೆ ಒಗೆಯುತ್ತ ಕೂತೆ. ಅಡುಗೆಮನೆಯಲ್ಲಿ ಏನೇನು ತೂಗಿದರೋ ಕಾಣೆ. ಹೊರಗೆ ಬಂದಾಗ ಕಾಟಾವನ್ನು ಮೊಳೆಗೆ ಸಿಕ್ಕಿಸಿ, "ಚಾ ಕೊಡವಾ ತಂಗಿ," ಎಂದರು, ಅಷ್ಟೆ.

ನಿನ್ನನ್ನು ತೊಟ್ಟಿಲಿಗೆ ಹಾಕಿದೆವು ಪುಟ್ಟಿ. ಮೊದಲು ಕಲ್ಲು, ಆಮೇಲೆ ನೀನು. ನಿನಗೆ ಒಂದು ಕೆಮ್ಮೂ ಬರಲಿಲ್ಲ. ಇಪ್ಪತ್ಮೂರನೆಯ ದಿನ ಅಕ್ಕ ಮುಂಜಾನೆಯಿಂದ ಸಂಜೆಯವರೆಗೆ ತೊಟ್ಟಿಲ ಪಕ್ಕ ಬಿಟ್ಟು ಏಳಲಿಲ್ಲ, ಊಟವನ್ನೂ ಅಲ್ಲೇ ಮಾಡಿದರು. ಇಪ್ಪತ್ನಾಲ್ಕನೆಯ ದಿನ ಮಧ್ಯಾಹ್ನದವರೆಗೆ ಮಲಗಿದರು. ನೀನು ಎದ್ದು ಕೂತೆ, ತೊಟ್ಟಿಲ ಅಂಚು ಹಿಡಿದು ನಿಂತೆ, ಇಳಿದು ನಡೆದೆ. ಪಡಸಾಲೆ ದಾಟಿ ನೀನು ಹೊಸ್ತಿಲವರೆಗೆ ನಡೆದ ದಿನ ಅಕ್ಕ ಓಣಿಗೆಲ್ಲ ಪೇಢೆ ಹಂಚಿದರು.

ಆದರೆ ತೊಟ್ಟಿಲನ್ನು ಬಿಚ್ಚಗೊಡಲಿಲ್ಲ. ನೀನು ಸಾಲೆಗೆ ಹೋಗತೊಡಗಿದ ಮೇಲೂ ಮಧ್ಯಾಹ್ನ ಮೂರಕ್ಕೆ ಪಡಸಾಲೆಯಿಂದ ಕಿರ್... ಕಿರ್... ಬಗ್ಗಿ ನೋಡಿದರೆ ಅಕ್ಕ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದಾರೆ, ಹಗ್ಗ ಹೆಬ್ಬೆರಳಲ್ಲಿದೆ, ತೊಟ್ಟಿಲು ಹೋಗುತ್ತಿದೆ, ಬರುತ್ತಿದೆ. ಬಂದವರು ಕೂಡ್ರುತ್ತಿರಲಿಲ್ಲ, ಚಹಾ ಅರ್ಧ ಬಿಟ್ಟು ಏಳುತ್ತಿದ್ದರು. "ಅಕ್ಕೋರು ಯಾರನ್ನ ತೂಗತಾರ್ರೀ?" ಎಂದು ನನ್ನನ್ನು ಬಾಗಿಲ ಹೊರಗೆ ಕರೆದು ಕೇಳುತ್ತಿದ್ದರು. ಅಷ್ಟು ಗಟ್ಟಿ ಬುದ್ಧಿಯ ಹೆಂಗಸನ್ನು ನನ್ನ ಒಂದು ಕಲ್ಲು ಹಾಳು ಮಾಡಿತಲ್ಲ! ಹೊರಗೆ ಯಾರೂ ಇಲ್ಲ ಎನ್ನುತ್ತಿದ್ದವರಿಗೆ ಒಳಗೆ ಯಾರೋ ಇದ್ದಾರೆ ಎಂದು ನಂಬಿಸಿದವಳು ನಾನಲ್ಲವೇ?

ಇನ್ನೊಂದು ವಿಚಿತ್ರ. ನೀನು ತೊಟ್ಟಿಲು ಬಿಟ್ಟ ವರ್ಷವೇ ಮನೆಯ ಗುಂಡಕಲ್ಲು ಕಳೆಯಿತು. ಚಮಚ ಕಳೆಯುತ್ತದೆ, ಬಟ್ಟಲು ಕಳೆಯುತ್ತದೆ. ಕಲ್ಲು ಎದ್ದು ಹೋಗುತ್ತದೆಯೇ? ಮನೆಯೆಲ್ಲ ಹುಡುಕಿದೆ. ನನ್ನ ತಪ್ಪಿಗೆ ಅದೂ ಮನೆ ಬಿಟ್ಟಿತು ಎಂದುಕೊಂಡು, ಮಿಕ್ಸರಿನಲ್ಲಿ ಖಾರ ರುಬ್ಬುವುದನ್ನು ರೂಢಿ ಮಾಡಿಕೊಂಡೆ.

ಅಕ್ಕ ಹೋಗಿ ಎರಡು ವರ್ಷವಾಯಿತು. ತೊಟ್ಟಿಲು ತೂಗುತ್ತ ಕೂತಲ್ಲೇ. ನಾನು ಬಂದು ನೋಡಿದಾಗ ತೊಟ್ಟಿಲು ಇನ್ನೂ ಅಷ್ಟಷ್ಟೇ ಅಲುಗುತ್ತಿತ್ತು. ಕೊನೆಯವರೆಗೂ ನಾನು ಕಲ್ಲಿನ ಮಾತು ಹೇಳಲಿಲ್ಲ, ಅವರು ಹೋದ ಮೇಲೂ ತೊಟ್ಟಿಲು ಮುಟ್ಟುವ ಧೈರ್ಯವಾಗಲಿಲ್ಲ.

ಹೋದ ವಾರ ಪುಟ್ಟಿಯ ಫೋನು ಬಂದ ಮೇಲೆ, ಆ ಲೆಕ್ಕ ಸಿಕ್ಕೀತೆಂದು ಅಕ್ಕನ ಹಳೆಯ ವಹಿಗಳನ್ನು ತೆಗೆದೆ. ಬಾವಿಯ ಹಗ್ಗ, ಜೋಳಿಗೆ, ಬಕೀಟು, ತೊರಗಲ್ಲಿನ ಕಂಬಳಿ, ಎಲ್ಲಕ್ಕೂ ಒಂದೊಂದು ಪುಟ. ಮಗುಚುತ್ತ ಹೋದಂತೆ ಆ ದಿನದ ಪುಟ ಬಂತು. ಅಕ್ಕನ ದುಂಡು ಅಕ್ಷರ:

"ತೊಟ್ಟಿಲು, ಕೌದಿ ಸಹಿತ ೧೦. ಅರ್ಧ ಎತ್ತರದಿಂದ ಬಿಟ್ಟದ್ದು. ಬರಬೇಕಾದ್ದು ೨೦. ಬಂದದ್ದು ೨೬. ಒಳಗಿನ ತೂಕ ೩."

ಕೆಳಗೆ ಬೇರೆ ಶಾಯಿಯಲ್ಲಿ:

"ಇಡೀ ಮನೆ ತೂಗಿದೆ. ಗುಂಡಕಲ್ಲು ಸರಿಯಾಗಿ ೩. ಕೌದಿಯ ಕೆಂಪು ನೂಲು ಕಲ್ಲಿಗೆ ಅಂಟಿದೆ. ಇಟ್ಟವಳು ತಂಗಿ. ಕೇಳಬಾರದು, ಅಳುತ್ತಾಳೆ."

ಅದರ ಕೆಳಗೆ ಎರಡು ಗೆರೆ ಜಾಗ ಬಿಟ್ಟು:

"ನಾನು ಮೊದಲ ಸಲ ಖಾಲಿ ತೂಗಿದ ದಿನ ಮನೆ ತುಂಬ ಹೆಂಗಸರಿದ್ದರು. ಎಲ್ಲರೂ ನೋಡುತ್ತಿದ್ದರು. ಒಬ್ಬರೂ ಒಂದು ಕಲ್ಲು ತಂದು ಇಡಲಿಲ್ಲ."

ನಾನು ಪಡಸಾಲೆಗೆ ಹೋದೆ. ಗಡಿಯಾರ ಮೂರು ತೋರಿಸುತ್ತಿತ್ತೋ ಏನೋ, ನೋಡಲಿಲ್ಲ. ತೊಟ್ಟಿಲು ತನ್ನಷ್ಟಕ್ಕೆ ಕಿರ್ ಎಂದಿತು. ಕೌದಿಯ ಮಡಿಕೆಯೊಳಗೆ ಕೈ ಹಾಕಿದೆ. ತಣ್ಣಗೆ, ದುಂಡಗೆ, ಕುಂಚಿಗೆ ತೊಟ್ಟುಕೊಂಡು ಮಲಗಿತ್ತು. ನಾನು ಬಾಗಿಲ ಸಂದಿಯಿಂದ ನೋಡಿ ನಡುಗುತ್ತಿದ್ದ ಅಷ್ಟೂ ಮಧ್ಯಾಹ್ನ, ಅಕ್ಕ ಖಾಲಿ ತೊಟ್ಟಿಲು ತೂಗಿರಲೇ ಇಲ್ಲ. ಈ ತಂಗಿ ಹೆದರುತ್ತಾಳೆಂದು ಕಲ್ಲಿಟ್ಟೇ ತೂಗಿದ್ದರು.

ಪುಟ್ಟೀ, ನಿನ್ನ ಲೆಕ್ಕಕ್ಕೆ ಉತ್ತರ ನೀನೇ ಮಾಡಿಕೊ. ಅರ್ಧಕ್ಕೆ ಎರಡು, ಪೂರಾಕ್ಕೆ ಮೂರು, ಇಷ್ಟು ನೆನಪಿದ್ದರೆ ದಾರಿ ಸಿಗುತ್ತದೆ. ಬರಬೇಕಾದ್ದಕ್ಕಿಂತ ಎಂದಾದರೂ ಮೂರು ಕಿಲೋ ಹೆಚ್ಚು ಬಂದರೆ ಮಾತ್ರ ಗಡಿಬಿಡಿಯಿಂದ ಅಳಿಸಬೇಡ ಕೂಸೇ. ಬಾಯಿ ಇಲ್ಲದ ಯಾರೋ ನಿನಗಾಗಿ ಒಳಗೆ ಏನೋ ಇಟ್ಟಿರುತ್ತಾರೆ. ಅದು ಯಾರೆಂದು ಗೊತ್ತಾದರೆ, ಅಕ್ಕನಂತೆ ಸುಮ್ಮನಿರಬೇಡ. ನನ್ನಂತೆಯೂ ಇರಬೇಡ. ಹೋಗಿ ಒಂದು ಮಾತು ಹೇಳು.